ಗ್ರಿಯರ್‌ಸನ್ ದಾಳಿ, 1863: ಪಡೆಯನ್ನು ಕಳೆಯುತ್ತಲೇ ಗುರಿ ಮುಟ್ಟಿದ ಅಶ್ವದಳದ ಕರ್ನಲ್

ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ಏಪ್ರಿಲ್ 17ರ ಬೆಳಗ್ಗೆ ಟೆನೆಸಿಯ ಲಾ ಗ್ರೇಂಜ್ ಶಿಬಿರದಿಂದ 1,700 ರಾಹುತರು ದಕ್ಷಿಣಕ್ಕೆ ಹೊರಟರು. 6 ಮತ್ತು 7ನೇ ಇಲಿನಾಯ್, 2ನೇ ಅಯೋವಾ ಎಂಬ ಮೂರು ಅಶ್ವದಳ ರೆಜಿಮೆಂಟುಗಳು, ಜೊತೆಗೆ ಆರು ಪುಟ್ಟ ವುಡ್ರಫ್ ಫಿರಂಗಿಗಳು. ಮುಂದಾಳು ಉತ್ತರದ ಯೂನಿಯನ್ ಸೇನೆಯ ಕರ್ನಲ್ ಬೆಂಜಮಿನ್ ಗ್ರಿಯರ್‌ಸನ್. ಹದಿನಾರನೆಯ ದಿನ, ಮೇ 2ರಂದು, ಸುಮಾರು 600 ಮೈಲಿ ಶತ್ರುನೆಲ ದಾಟಿ ಲೂಸಿಯಾನದ ಬ್ಯಾಟನ್ ರೂಜ್ ತಲುಪಿದಾಗ ಅವನ ಹಿಂದೆ ಉಳಿದಿದ್ದವರು ಸಾವಿರಕ್ಕೂ ಕಡಿಮೆ. ಸತ್ತವರು ಮಾತ್ರ ಮೂವರೇ. ಮಿಕ್ಕವರನ್ನು ಅವನೇ ಬೇರೆ ಬೇರೆ ದಿನ, ಬೇರೆ ಬೇರೆ ದಿಕ್ಕಿಗೆ, ಬೇಕೆಂದೇ ಕಳಿಸಿಬಿಟ್ಟಿದ್ದ. ಹಾಗೆ ಕಳಿಸಿದ ಒಂದೊಂದು ತುಕಡಿಯೂ ಬೆನ್ನಟ್ಟಿದವರ ಲೆಕ್ಕ ತಪ್ಪಿಸಿತು. ಅಮೆರಿಕದ ಅಂತರ್ಯುದ್ಧದ ಅಶ್ವದಳದ ಕಥೆಗಳಲ್ಲಿ ಖಡ್ಗ ಝಳಪಿಸುವ ಪ್ರಸಂಗಗಳಿಗೆ ಬರವಿಲ್ಲ. ಈ ಪ್ರಕರಣ ಬೆಲೆಬಾಳುವುದು ಕಾದಾಟವನ್ನು ಎಷ್ಟು ಜಾಣತನದಿಂದ ತಪ್ಪಿಸಲಾಯಿತು ಎಂಬುದಕ್ಕೆ.

ಹಿನ್ನೆಲೆ

ಮಿಸಿಸಿಪಿ ನದಿಯ ದಡದ ಎತ್ತರದ ಮೇಲಿದ್ದ ವಿಕ್ಸ್‌ಬರ್ಗ್ ಕೋಟೆ ಕಾನ್‌ಫೆಡರೇಟರ, ಅಂದರೆ ಒಕ್ಕೂಟದಿಂದ ಸಿಡಿದ ದಕ್ಷಿಣ ರಾಜ್ಯಗಳವರ, ಕೈಯಲ್ಲಿತ್ತು. ಯೂನಿಯನ್ ಸೇನೆಯ ಜನರಲ್ ಗ್ರಾಂಟ್ ಇಡೀ ಚಳಿಗಾಲ ಉತ್ತರದ ಕಡೆಯಿಂದ ಅದನ್ನು ಹಿಡಿಯಲು ಹೆಣಗಿ ಸೋತಿದ್ದ. ಏಪ್ರಿಲ್ ಹೊತ್ತಿಗೆ ಅವನ ಯೋಜನೆ ಬದಲಾಗಿತ್ತು: ನದಿಯ ಪಶ್ಚಿಮ ದಡದಲ್ಲೇ ಕೆಳಕ್ಕಿಳಿದು, ಕೋಟೆಯ ದಕ್ಷಿಣದಲ್ಲಿ ನದಿ ದಾಟಿ, ಹಿಂದಿನಿಂದ ಬರುವುದು. ಎದುರಾಳಿ ಜನರಲ್ ಪೆಂಬರ್ಟನ್‌ನ ಗಮನ ಆ ಕೆಲವು ದಿನ ಬೇರೆಡೆ ಇದ್ದರೆ ಮಾತ್ರ ಇದು ಸಾಧ್ಯ. ವಿಕ್ಸ್‌ಬರ್ಗ್‌ಗೆ ಮದ್ದುಗುಂಡು, ಆಹಾರ ಬರುತ್ತಿದ್ದುದು ಪೂರ್ವದ ಮೆರಿಡಿಯನ್‌ನಿಂದ ಜಾಕ್ಸನ್ ಮೂಲಕ ಹಾದುಬರುವ ಒಂದೇ ರೈಲುದಾರಿಯಲ್ಲಿ. ಆ ಹಳಿಯನ್ನು ಜಾಕ್ಸನ್‌ನ ಪೂರ್ವಕ್ಕೆ ಕತ್ತರಿಸಲು ಗ್ರಿಯರ್‌ಸನ್‌ನಂಥವನು ಸುಮಾರು 500 ಜನರೊಡನೆ ಹೋಗಬಹುದೇನೋ ಎಂದು ಗ್ರಾಂಟ್ ಫೆಬ್ರವರಿಯಲ್ಲೇ ಪತ್ರ ಬರೆದಿದ್ದ. ಅಪಾಯದ ಕೆಲಸ, ಆಜ್ಞೆ ಮಾಡಲಾರೆ ಎಂಬ ಮಾತನ್ನೂ ಸೇರಿಸಿದ್ದ.

ದಾಳಿಗೆ ಅನುಕೂಲವಾಗಿ ಒದಗಿದ ಸಂಗತಿ ಇನ್ನೊಂದಿತ್ತು. 1863ರ ಆರಂಭದಲ್ಲಿ ಪೆಂಬರ್ಟನ್‌ನ ಬಳಿಯಿದ್ದ ಕುದುರೆ ಪಡೆಯ ದೊಡ್ಡ ಪಾಲನ್ನು ಜನರಲ್ ವ್ಯಾನ್ ಡಾರ್ನ್‌ನ ಕೈಕೆಳಗೆ ಟೆನೆಸಿಗೆ ಕಳಿಸಲಾಗಿತ್ತು. ಹಾಗಾಗಿ ಇಡೀ ಮಿಸಿಸಿಪಿ ರಾಜ್ಯದ ಒಡಲು ಕುದುರೆಯ ಕಾವಲಿಲ್ಲದೆ ಬಿದ್ದಿತ್ತು. ಪದಾತಿ ಪಡೆಯಿಂದ ಅಶ್ವದಳವನ್ನು ಹಿಡಿಯಲಾಗದು ಎಂಬುದು ಪೆಂಬರ್ಟನ್‌ಗೂ ಗೊತ್ತಿತ್ತು. ಅವನ ಕೈಯಲ್ಲಿ ಇದ್ದುದೇ ಅಷ್ಟು.

ಗ್ರಿಯರ್‌ಸನ್‌ಗೆ ಆಗ 36 ವರ್ಷ. ಇಲಿನಾಯ್‌ನ ಜಾಕ್ಸನ್‌ವಿಲ್‌ನಲ್ಲಿ ಸಂಗೀತ ಪಾಠ ಹೇಳಿ, ಬ್ಯಾಂಡ್ ನಡೆಸಿ, ಮೆರೆಡೋಸಿಯಾದಲ್ಲಿ ಅಂಗಡಿ ಹಾಕಿ ಕೈಸುಟ್ಟುಕೊಂಡವನು. ಎಂಟು ವರ್ಷದವನಾಗಿದ್ದಾಗ ಕುದುರೆ ಮುಖಕ್ಕೆ ಒದ್ದು ಎರಡು ತಿಂಗಳು ಕಣ್ಣು ಕಾಣದಂತಾಗಿತ್ತು. ಕುದುರೆಯೆಂದರೆ ಅಂದಿನಿಂದಲೂ ಅಳುಕು. ಅಂಥವನು 1861ರ ಅಕ್ಟೋಬರ್‌ನಲ್ಲಿ 6ನೇ ಇಲಿನಾಯ್ ಅಶ್ವದಳದ ಮೇಜರ್ ಆದ, ಮರು ಏಪ್ರಿಲ್‌ನಲ್ಲಿ ಕರ್ನಲ್. ಸೇನಾ ಅಕಾಡೆಮಿಯಾದ ವೆಸ್ಟ್ ಪಾಯಿಂಟ್‌ನ ಮುಖ ಕಂಡವನಲ್ಲ. ಪಶ್ಚಿಮ ಟೆನೆಸಿಯ ಕಾಡುದಾರಿಗಳಲ್ಲಿ ಗೆರಿಲ್ಲಾ ತಂಡಗಳನ್ನು ಬೆನ್ನಟ್ಟಿ ಕಳೆದ ಒಂದು ವರ್ಷವೇ ಅವನ ಶಾಲೆ. ಸುಳಿವು ಹೇಗೆ ಬಿಡಬೇಕು, ಹೇಗೆ ಮುಚ್ಚಬೇಕು ಎಂಬುದನ್ನು ಅವನು ಅಲ್ಲಿ ಕಲಿತದ್ದಿರಬೇಕು.

ಹೊರಡುವ ಮೊದಲಿನ ಲೆಕ್ಕ

ಬಂಡಿಗಳು ಬೇಡ ಎಂಬುದು ಮೊದಲ ನಿರ್ಧಾರ. ಯೂನಿಯನ್ ಸೇನೆಯ ನಿಯಮದಂತೆ ಕುದುರೆಯೊಂದಕ್ಕೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು. 1,700 ಕುದುರೆಗೆ ಇದು ದಿನಕ್ಕೆ ಇಪ್ಪತ್ತು ಟನ್. ಬಂಡಿಗೆ ಒಂದು ಟನ್ ಎಂದರೂ ಒಂದೇ ದಿನದ ಮೇವಿಗೆ ಇಪ್ಪತ್ತು ಬಂಡಿ, ಪ್ರತಿ ಬಂಡಿಗೂ ಆರು ಹೇಸರಗತ್ತೆ, ಆ ಹೇಸರಗತ್ತೆಗಳಿಗೆ ಮತ್ತೆ ಮೇವು. ಮಳೆಗಾಲದ ಕೆಸರಿನಲ್ಲಿ ಇಂಥ ಸಾಲು ದಿನಕ್ಕೆ ಹತ್ತು ಹನ್ನೆರಡು ಮೈಲಿ ಸಾಗಿದರೆ ಹೆಚ್ಚು. ಆದ್ದರಿಂದ ಮೇವು ದಾರಿಯಲ್ಲೇ ಸಿಗಬೇಕು. ಮಿಸಿಸಿಪಿಯ ಪೂರ್ವ ಭಾಗದಲ್ಲಿ ಅದುವರೆಗೆ ದೊಡ್ಡ ಸೇನೆಗಳು ಓಡಾಡಿರಲಿಲ್ಲ. ತೋಟಗಳ ಕಣಜದಲ್ಲಿ ಮೆಕ್ಕೆಜೋಳವಿತ್ತು, ಹೊಗೆಮನೆಯಲ್ಲಿ ಹಂದಿಮಾಂಸವಿತ್ತು.

ಸೈನಿಕರ ಜೋಳಿಗೆಯಲ್ಲಿ ಐದು ದಿನದ ಗಟ್ಟಿ ಬಿಸ್ಕತ್ತು, ಕಾಫಿ, ಸಕ್ಕರೆ, ಉಪ್ಪು. ಇದನ್ನೇ ಹತ್ತು ದಿನಕ್ಕೆ ಎಳೆಯಬೇಕೆಂಬ ಆಜ್ಞೆ. ಗ್ರಿಯರ್‌ಸನ್‌ನ ಜೇಬಿನಲ್ಲಿ ಮಿಸಿಸಿಪಿಯ ಸಣ್ಣ ನಕ್ಷೆ, ದಿಕ್ಸೂಚಿ, ಜೊತೆಗೊಂದು ಮೋರ್ಸಿಂಗ್. ವುಡ್ರಫ್ ಫಿರಂಗಿಗಳು ಎರಡು ಪೌಂಡ್ ಗುಂಡು ಹಾರಿಸುವಂಥವು. ಕೋಟೆಯೆದುರು ಅವು ಲೆಕ್ಕಕ್ಕಿಲ್ಲ. ಆದರೆ ಕುದುರೆಯ ವೇಗಕ್ಕೆ ಹೊಂದುತ್ತವೆ, ಸೇತುವೆಯ ಆಚೆ ನಿಂತ ನಲವತ್ತು ಜನರನ್ನು ಚದುರಿಸಲು ಸಾಕು. ಭಾರಿ ಫಿರಂಗಿ ಒಂದಾದರೂ ಜೊತೆಗಿದ್ದಿದ್ದರೆ ಮುಂದಿನ ಜೌಗಿನಲ್ಲಿ ಇಡೀ ಪಡೆ ಅದಕ್ಕಾಗಿ ಕಾಯಬೇಕಾಗುತ್ತಿತ್ತು.

ಕಳೆಯುವ ಕೆಲಸ

ಮೊದಲ ಮೂರು ದಿನ ದಿನಕ್ಕೆ ಮೂವತ್ತು ಮೈಲಿಯ ಆಸುಪಾಸು, ಬಹುಪಾಲು ಮಳೆಯಲ್ಲಿ. 19ರ ಸಂಜೆ ಪಾಂಟೊಟಾಕ್ ದಾಟಿ ತಂಗಿದರು. ಆ ರಾತ್ರಿ ಗ್ರಿಯರ್‌ಸನ್ ಪಡೆಯನ್ನು ತಾನೇ ತಪಾಸಣೆ ಮಾಡಿ ಜ್ವರ ಬಂದವರು, ಬೆನ್ನು ಹುಣ್ಣಾದ ಕುದುರೆಗಳು, ಕುಂಟುವ ಕುದುರೆಗಳು ಎಲ್ಲವನ್ನೂ ಬೇರ್ಪಡಿಸಿದ. ಒಟ್ಟು 175 ಜನ. ಜ್ವರದ ಮದ್ದಿನ ನೆನಪಲ್ಲಿ ಸೈನಿಕರು ತಮಾಷೆಗೆ ಇಟ್ಟ ಹೆಸರು ಕ್ವಿನೈನ್ ಬ್ರಿಗೇಡ್. ಮೇಜರ್ ಲವ್ ಎಂಬ ಅಧಿಕಾರಿಯ ಜೊತೆ ಒಂದು ಫಿರಂಗಿಯನ್ನೂ ಸೆರೆಯಾಳುಗಳನ್ನೂ ಕೊಟ್ಟು ಬೆಳಗಿನ ಜಾವದ ಕತ್ತಲಲ್ಲಿ ಉತ್ತರಕ್ಕೆ ಅಟ್ಟಿದ. ನಾಲ್ಕು ನಾಲ್ಕು ಕುದುರೆಗಳ ಸಾಲಾಗಿ, ಬಂದ ದಾರಿಯ ಗೊರಸಿನ ಗುರುತುಗಳನ್ನು ತುಳಿಯುತ್ತಾ, ಕತ್ತಲಿರುವಾಗಲೇ ಪಾಂಟೊಟಾಕ್ ಊರೊಳಗೆ ಹಾದುಹೋಗಬೇಕು ಎಂಬ ಸೂಚನೆ. ನಿದ್ದೆಗಣ್ಣಲ್ಲಿ ಕಿಟಕಿಯಿಂದ ನೋಡಿದವರು ಇಡೀ ದಂಡು ವಾಪಸು ಹೋಯಿತು ಎಂದೇ ವರದಿ ಮಾಡಲಿ ಎಂಬುದು ಉದ್ದೇಶ. ನಿಧಾನದವರನ್ನು ಕಳಚಿದ್ದರಿಂದ ಪಡೆಯ ವೇಗವೂ ಹೆಚ್ಚಿತು. ಅಶ್ವದಳದ ವೇಗ ಎಂದರೆ ಅದರ ಅತಿ ದುರ್ಬಲ ಕುದುರೆಯ ವೇಗ.

ಮರುದಿನ, 21ರಂದು, ಎರಡನೆಯದು, ದೊಡ್ಡದು. ಕರ್ನಲ್ ಹ್ಯಾಚ್‌ನನ್ನು 2ನೇ ಅಯೋವಾದ ಸುಮಾರು 500 ಜನರೊಡನೆ, ಒಂದು ಫಿರಂಗಿಯೊಡನೆ ಪೂರ್ವಕ್ಕೆ, ಮೊಬೈಲ್ ಮತ್ತು ಓಹಾಯೊ ರೈಲುದಾರಿಯ ಕಡೆಗೆ ಕಳಿಸಿದ. ಬೆನ್ನಟ್ಟಿ ಬರುತ್ತಿದ್ದವನು ಲೆಫ್ಟಿನೆಂಟ್ ಕರ್ನಲ್ ಬಾರ್ಟೋ. ಅವನು ಕವಲುದಾರಿಗೆ ಬಂದಾಗ ಏನು ಓದಬೇಕು ಎಂಬುದನ್ನು ಹ್ಯಾಚ್‌ನ ಜನ ನೆಲದ ಮೇಲೆ ಬರೆದಿಟ್ಟರು. ಅವರ ಒಂದು ತುಕಡಿ ಗ್ರಿಯರ್‌ಸನ್‌ನ ಹಿಂದೆ ಕೆಲವು ಮೈಲಿ ದಕ್ಷಿಣಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿತು. ದಕ್ಷಿಣಕ್ಕೆ ಹೋದ ಗೊರಸುಗಳೆಲ್ಲ ಹಿಂದೆ ಬಂದ ಗೊರಸುಗಳ ಅಡಿ ಅಳಿಸಿಹೋದವು. ಗ್ರಿಯರ್‌ಸನ್ ಬಳಿ ಉಳಿದಿದ್ದ ನಾಲ್ಕು ಫಿರಂಗಿಗಳ ಗುರುತೂ ಬೇಕಲ್ಲ? ಆ ತುಕಡಿಯ ಜೊತೆಗಿದ್ದ ಒಂದೇ ಫಿರಂಗಿಯನ್ನು ರಸ್ತೆಯಲ್ಲಿ ನಾಲ್ಕು ಬೇರೆ ಜಾಗಗಳಲ್ಲಿ ತಿರುಗಿಸಿದರು. ನೆಲ ಹಸಿಯಿತ್ತು, ಚಕ್ರದ ಗೆರೆ ಅಚ್ಚೊತ್ತಿತು. ನೋಡಿದವನಿಗೆ ನಾಲ್ಕು ಫಿರಂಗಿ ಹಿಂದಿರುಗಿದಂತೆ.

ಬಾರ್ಟೋ ಪೂರ್ವಕ್ಕೆ ತಿರುಗಿದ. ಪಾಲೊ ಆಲ್ಟೊ ಬಳಿ ಹ್ಯಾಚ್‌ನ ಮೇಲೆ ಬಿದ್ದ. ಹ್ಯಾಚ್ ಕಾದಾಡುತ್ತಾ, ಹಿಂಜರಿಯುತ್ತಾ, ಓಕೊಲೊನಾದಲ್ಲಿ ಬ್ಯಾರಕ್‌ಗಳಿಗೆ ಬೆಂಕಿಯಿಟ್ಟು, 26ರಂದು ಲಾ ಗ್ರೇಂಜ್ ಸೇರಿದ. ಅವನಿಗೆ ಒಪ್ಪಿಸಿದ್ದ ರೈಲುದಾರಿಯ ಕೆಲಸ ಹೇಳಿದಷ್ಟು ಆಗಲಿಲ್ಲ. ಆದರೆ ರಾಜ್ಯದ ಉತ್ತರ ಭಾಗದಲ್ಲಿ ಕೈಗೆ ಸಿಗಬಹುದಾಗಿದ್ದ ಕಾನ್‌ಫೆಡರೇಟ್ ಕುದುರೆ ಪಡೆಯೆಲ್ಲ ಅವನ ಬೆನ್ನಿಗೆ ಬಿತ್ತು. ಈ ದಾಳಿಯ ಕೀರ್ತಿಯಲ್ಲಿ ಹ್ಯಾಚ್‌ಗೆ ಸಲ್ಲಬೇಕಾದ ಪಾಲು ಸಾಮಾನ್ಯವಾಗಿ ಸಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಚಿಕ್ಕದು, ಅಷ್ಟೇ ದಿಟ್ಟದ್ದು. 22ರಂದು ಕ್ಯಾಪ್ಟನ್ ಹೆನ್ರಿ ಫೋರ್ಬ್ಸ್ 7ನೇ ಇಲಿನಾಯ್‌ನ ಬಿ ಕಂಪನಿಯ ಸುಮಾರು 35 ಜನರೊಡನೆ ಮೇಕನ್ ಕಡೆಗೆ ಹೊರಟ; ತಂತಿ ಕಡಿಯಬೇಕು, ಗದ್ದಲ ಎಬ್ಬಿಸಬೇಕು. ಮೂಲ ಪಡೆಯನ್ನು ಹುಡುಕುತ್ತಾ ಎಂಟರ್‌ಪ್ರೈಸ್ ಊರಿನ ಬಾಗಿಲಿಗೆ ಬಂದಾಗ ಅಲ್ಲಿ ತನಗಿಂತ ಎಷ್ಟೋ ಪಟ್ಟು ಸೈನ್ಯವಿರುವುದು ತಿಳಿಯಿತು. ಓಡಿದರೆ ಬೆನ್ನಟ್ಟುತ್ತಾರೆ. ಫೋರ್ಬ್ಸ್ ಬಿಳಿ ಬಾವುಟ ಹಿಡಿದು ಮುಂದೆ ಹೋಗಿ, ಊರು ಶರಣಾಗಬೇಕೆಂದು ಗ್ರಿಯರ್‌ಸನ್ ಹೆಸರಲ್ಲಿ ಕೇಳಿದ! ಯೋಚಿಸಲು ಒಂದು ಗಂಟೆ ಬೇಡಿದರು; ಆ ಗಂಟೆಯಲ್ಲಿ ಬಿ ಕಂಪನಿ ಮೈಲಿಗಟ್ಟಲೆ ದೂರ ಸರಿದಿತ್ತು. ಮುಂದೆ ಸ್ಟ್ರಾಂಗ್ ನದಿಯ ಸೇತುವೆಗೆ ಮೂಲ ಪಡೆಯ ಹಿಂಗಾವಲಿನವರು ಬೆಂಕಿ ಹಚ್ಚುವ ಹೊತ್ತಿಗೆ ಫೋರ್ಬ್ಸ್ ಮುಂದೆ ಕಳಿಸಿದ್ದ ಮೂವರು ಸವಾರರು ಬಂದು ತಡೆದರು.

ಬೂದುಕಂದು ಬಟ್ಟೆಯವರು

ಮುಂಚೂಣಿಯಲ್ಲಿ ಸಾರ್ಜೆಂಟ್ ರಿಚರ್ಡ್ ಸರ್ಬಿಯ ಎಂಟೊಂಬತ್ತು ಜನ ಬೇಹುಗಾರರಿದ್ದರು. ಸ್ಥಳೀಯರ ಮನೆನೇಯ್ಗೆಯ ಕಂದು ಬಟ್ಟೆ, ಹೆಗಲಿಗೆ ಬೇಟೆ ಬಂದೂಕು, ಮಾತಿನಲ್ಲಿ ದಕ್ಷಿಣದ ಎಳೆತ. ಸಿಕ್ಕಿಬಿದ್ದರೆ ಯುದ್ಧಕೈದಿಯ ಮರ್ಯಾದೆಯಿಲ್ಲ, ಗೂಢಚಾರರೆಂದು ನೇಣು. ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಬ್ಲ್ಯಾಕ್‌ಬರ್ನ್ ಸೂಚಿಸಿದ ಉಪಾಯವಿದು. ಪಡೆಯ ಮುಂದೆ ಸಾಗುತ್ತಾ ಮನೆಗಳಲ್ಲಿ ಮಾತಾಡಿ, ದಾರಿ, ಮೇವು, ಕಾವಲು ಎಲ್ಲಿದೆಯೆಂದು ತಿಳಿದು ಹಿಂದಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು.

ಇವರಿಲ್ಲದೆ ನದಿಗಳನ್ನು ದಾಟುವುದು ಆಗುತ್ತಿರಲಿಲ್ಲ. ಏಪ್ರಿಲ್‌ನ ನೆರೆಯಲ್ಲಿ ಸೇತುವೆಯೊಂದು ಹೋದರೆ ಒಂದು ದಿನ ಹೋದಂತೆ, ಒಂದು ದಿನ ಹೋದರೆ ಎಲ್ಲವೂ ಹೋದಂತೆ. 23ರಂದು ಫಿಲಡೆಲ್ಫಿಯಾ ಊರಿನ ಈಚೆ ಪರ್ಲ್ ನದಿಯ ಸೇತುವೆಯನ್ನು ಕೆಡವಲು ಊರವರು ಸಿದ್ಧವಾಗಿದ್ದರು. ಸರ್ಬಿ ದಾರಿಯಲ್ಲಿ ಸಿಕ್ಕ ಒಬ್ಬ ಮುದುಕನನ್ನೇ ಮಾತಿಗೆ ಕಳಿಸಿದ: ಸುಮ್ಮನೆ ಬಿಟ್ಟುಕೊಟ್ಟರೆ ಯಾರಿಗೂ ತೊಂದರೆಯಿಲ್ಲ, ಇಲ್ಲದಿದ್ದರೆ ಮನೆ ಉಳಿಯದು. ಕಾವಲಿನವರು ಚದುರಿದರು, ಹಲಗೆಗಳನ್ನು ಮತ್ತೆ ಹಾಸಿ ದಾಟಿದರು. ಅದರ ಹಿಂದಿನ ದಿನ ಲೂಯಿವಿಲ್ ಸುತ್ತಿನ ಜೌಗಿನಲ್ಲಿ ಮೈಲಿಗಟ್ಟಲೆ ಕುದುರೆಯ ಹೊಟ್ಟೆಮಟ್ಟದ ನೀರು. ದಾರಿ ಎಲ್ಲಿದೆಯೆಂದೇ ಕಾಣದೆ, ಕೆಲವು ಕುದುರೆಗಳು ಗುಂಡಿಗೆ ಬಿದ್ದು ಮುಳುಗಿದವು. ಜೀನು ಕಳಚಿಕೊಂಡು, ಸಿಕ್ಕ ಬೇರೆ ಕುದುರೆಗೆ ಕಟ್ಟಿ ಸವಾರರು ಮುಂದುವರಿದರು.

ನ್ಯೂಟನ್ ಸ್ಟೇಷನ್, ಏಪ್ರಿಲ್ 24

ದಾಳಿಯ ಗುರಿ ಇದು: ವಿಕ್ಸ್‌ಬರ್ಗ್‌ಗೆ ಪೂರ್ವಕ್ಕೆ ಸುಮಾರು ನೂರು ಮೈಲಿ, ಹಳಿಯ ಮೇಲಿನ ಪುಟ್ಟ ಊರು. ಬ್ಲ್ಯಾಕ್‌ಬರ್ನ್ ಎರಡು ಬೆಟಾಲಿಯನ್‌ಗಳೊಂದಿಗೆ ಮುಂದೆ ಹೋದ. ಸರ್ಬಿಯ ಜನ ಸ್ಟೇಷನ್ನಿಗೆ ಹೋಗಿ ರೈಲು ಯಾವಾಗ ಬರುತ್ತದೆಂದು ಕೇಳಿ ತಿಳಿದರು. ಸೈನಿಕರು ಕಟ್ಟಡಗಳ ಹಿಂದೆ ಅಡಗಿದರು. ಮೊದಲು 25 ಬೋಗಿಗಳ ಗಾಡಿ, ಹಳಿಯಡಿ ಹಾಸುವ ಮರದ ಸ್ಲೀಪರ್ ಮತ್ತು ಯಂತ್ರಗಳು. ಅದನ್ನು ಹಿಡಿದು ಪಕ್ಕದ ಹಳಿಗೆ ಸರಿಸಿ ಮತ್ತೆ ಅಡಗಿದರು. ಆಮೇಲೆ 13 ಬೋಗಿಗಳದ್ದು, ಆಹಾರ ಮತ್ತು ಮದ್ದುಗುಂಡು, ಸಾವಿರಾರು ತುಂಬಿದ ಷೆಲ್‌ಗಳು. ಅರ್ಧ ಗಂಟೆಯೊಳಗೆ ಎರಡೂ ಕೈವಶ. ಬೆಂಕಿ ಹಚ್ಚಿದಾಗ ಷೆಲ್‌ಗಳು ಸಿಡಿಯತೊಡಗಿದವು. ಹಿಂದೆ ಬರುತ್ತಿದ್ದ ಗ್ರಿಯರ್‌ಸನ್ ಆ ಸದ್ದು ಕೇಳಿ ಬ್ಲ್ಯಾಕ್‌ಬರ್ನ್ ಯುದ್ಧಕ್ಕೆ ಸಿಕ್ಕಿಬಿದ್ದನೆಂದು ನಾಗಾಲೋಟದಲ್ಲಿ ಬಂದ.

ಹಳಿ ಕೆಡಿಸುವುದಕ್ಕೂ ಒಂದು ಕ್ರಮವಿದೆ. ಹಳಿಯನ್ನು ಬರೀ ಕಿತ್ತು ಎಸೆದರೆ ಒಂದೇ ದಿನದಲ್ಲಿ ಮತ್ತೆ ಕೂರಿಸುತ್ತಾರೆ. ಸ್ಲೀಪರ್‌ಗಳನ್ನು ಕಿತ್ತು ರಾಶಿ ಹಾಕಿ, ಮೇಲೆ ಹಳಿಗಳನ್ನು ಅಡ್ಡ ಇಟ್ಟು ಬೆಂಕಿ ಕೊಡಬೇಕು. ನಡುಭಾಗ ಕೆಂಪಗೆ ಕಾದಾಗ ಹಳಿ ಬಾಗುತ್ತದೆ. ಕಬ್ಬಿಣದ ಕೊರತೆಯಿದ್ದ ದಕ್ಷಿಣಕ್ಕೆ ಬಾಗಿದ ಹಳಿಯೇ ದೊಡ್ಡ ನಷ್ಟ. ಅದಕ್ಕಿಂತ ಹೆಚ್ಚು ಕಾಡುವುದು ಮರದ ಸೇತುವೆ ಸುಡುವುದು, ಎಂಜಿನ್ ಬಾಯ್ಲರ್ ಸಿಡಿಸುವುದು. ನ್ಯೂಟನ್‌ನಲ್ಲಿ ಇವೆಲ್ಲವೂ ನಡೆದವು: ಪಶ್ಚಿಮಕ್ಕೆ ಅರ್ಧ ಮೈಲಿಯ ಸೇತುವೆ, ಪೂರ್ವಕ್ಕಿದ್ದ ಸೇತುವೆಗಳು, ತಂತಿ, ಊರಿನ ಗೋದಾಮಿನಲ್ಲಿದ್ದ ಸುಮಾರು 500 ಬಂದೂಕುಗಳು. 75 ಸೆರೆಯಾಳುಗಳನ್ನು ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಪೆರೋಲ್ ಬರೆಸಿಕೊಂಡು ಬಿಟ್ಟರು. ಸೆರೆಯಾಳುಗಳನ್ನು ಜೊತೆಗೆ ಒಯ್ದರೆ ವೇಗ ಸಾಯುತ್ತದೆ. ಮಧ್ಯಾಹ್ನದೊಳಗೆ ಎಲ್ಲ ಮುಗಿಸಿ ದಕ್ಷಿಣಕ್ಕೆ ಹೊರಟಾಯಿತು.

ಹೊರಬರುವ ದಾರಿ

ಒಳಗೆ ಹೋಗುವುದಕ್ಕಿಂತ ಹೊರಬರುವುದು ಕಷ್ಟ. ಉತ್ತರದಲ್ಲಿ ಎಲ್ಲರೂ ಕಾಯುತ್ತಿದ್ದಾರೆ. ಗ್ರಾಂಟ್ ನದಿ ದಾಟುವನೆಂದುಕೊಂಡಿದ್ದ ಗ್ರ್ಯಾಂಡ್ ಗಲ್ಫ್ ಕಡೆಗೆ ಹೋಗಿ ಅವನನ್ನು ಸೇರಬಹುದೆಂದು ಗ್ರಿಯರ್‌ಸನ್ ನೈರುತ್ಯಕ್ಕೆ ತಿರುಗಿದ. ಜಾರ್ಜ್‌ಟೌನ್ ಬಳಿ ಪರ್ಲ್ ನದಿ ಮತ್ತೆ ಅಡ್ಡ ಬಂತು. ಈ ಸಲ ಸೇತುವೆಯೂ ಇಲ್ಲ, ಒಂದೇ ಒಂದು ದೋಣಿ. 7ನೇ ಇಲಿನಾಯ್‌ನ ಕರ್ನಲ್ ಪ್ರಿನ್ಸ್ ರಾತ್ರಿಯೇ 200 ಜನರೊಂದಿಗೆ ಮುಂದೆ ಬಂದಿದ್ದ. ದೋಣಿ ಆಚೆ ದಡದಲ್ಲಿತ್ತು. ಕರೆದ ಸದ್ದಿಗೆ ಯಾರು ನೀವು ಎಂದು ದೋಣಿಯವನು ಕೇಳಿದಾಗ, ಮೊಬೈಲ್ ನಗರದಿಂದ ಬಂದ ಅಲಬಾಮ ಅಶ್ವದಳ ಎಂದು ಪ್ರಿನ್ಸ್ ದಕ್ಷಿಣದವರ ಎಳೆತದಲ್ಲೇ ಉತ್ತರಿಸಿದ. ದೋಣಿ ತಾನಾಗಿ ಈಚೆ ಬಂತು. ಒಂದು ಸಲಕ್ಕೆ 24 ಕುದುರೆ. ಒಂಬೈನೂರಕ್ಕೂ ಹೆಚ್ಚು ಕುದುರೆಗಳಿಗೆ ಸುಮಾರು ನಲವತ್ತು ಸರತಿ. ದೋಣಿ ನಾಶ ಮಾಡಿ ಎಂಬ ಆಜ್ಞೆ ಹೊತ್ತು ಬಂದ ಸವಾರನೂ ಇವರ ಕೈಗೇ ಸಿಕ್ಕಿದ.

ಅದೇ ದಿನ, 27ರಂದು, ಹೇಝಲ್‌ಹರ್ಸ್ಟ್ ತಂತಿ ಕಚೇರಿಗೆ ಇಬ್ಬರು ಬೇಹುಗಾರರು ಹೋಗಿ ಪೆಂಬರ್ಟನ್‌ಗೆ ತಂತಿ ಕೊಟ್ಟರು: ಯಾಂಕಿಗಳು (ಉತ್ತರದವರು) ಪರ್ಲ್ ನದಿಗೆ ಬಂದರು, ದೋಣಿ ನಾಶವಾಗಿದ್ದರಿಂದ ದಾಟಲಾಗದೆ ಈಶಾನ್ಯಕ್ಕೆ ಹೋದರು. ಸುಳ್ಳು ಸುದ್ದಿ ಶತ್ರುವಿನ ತಂತಿಯಲ್ಲೇ ಜಾಕ್ಸನ್ ಸೇರಿತು. ಊರಿನಲ್ಲಿ ಮದ್ದುಗುಂಡಿನ ಬೋಗಿಗಳನ್ನು ಸುಟ್ಟಾಗ ಕಿಡಿ ಮನೆಗಳಿಗೆ ಹಾರಿತು. ಅದೇ ರಾಹುತರು ಊರವರ ಜೊತೆ ಸಾಲುನಿಂತು ಬೆಂಕಿ ಆರಿಸಿದರು.

ಪೆಂಬರ್ಟನ್ ಕೊನೆಗೆ ಕರ್ನಲ್ ವರ್ಟ್ ಆಡಮ್ಸ್‌ನ ಅಶ್ವದಳವನ್ನು ಗ್ರ್ಯಾಂಡ್ ಗಲ್ಫ್‌ನಿಂದ ಕರೆಸಿ ಇವರ ಮೇಲೆ ಬಿಟ್ಟ. ಇಡೀ ಪ್ರಕರಣದ ಅತಿ ದುಬಾರಿ ಆಜ್ಞೆ ಇದೇ ಇರಬೇಕು: ಗ್ರಾಂಟ್ ದಾಟಲಿದ್ದ ದಡದ ಕಣ್ಣುಗಳೇ ಅಲ್ಲಿಂದ ಎದ್ದುಬಂದವು. 28ರಂದು ಯೂನಿಯನ್ ಚರ್ಚ್‌ನಲ್ಲಿ ಚಕಮಕಿ. ಫಯೆಟ್ ಕಡೆಗೆ ಹೊಂಚು ಹಾಕಿದ್ದಾರೆಂದು ಬೇಹುಗಾರರು ತಿಳಿಸಿದರು. ಗ್ರಾಂಟ್‌ನ ಫಿರಂಗಿ ಸದ್ದು ಕೇಳಲಿಲ್ಲ. ಗ್ರಿಯರ್‌ಸನ್ ಪಶ್ಚಿಮಕ್ಕೆ ಹೋಗುವಂತೆ ನಟಿಸಿ ಪೂರ್ವಕ್ಕೆ, ಬ್ರೂಕ್‌ಹೇವನ್‌ಗೆ ತಿರುಗಿದ. ಅಲ್ಲಿಂದ ರೈಲುದಾರಿ ಸುಡುತ್ತಾ ದಕ್ಷಿಣಕ್ಕೆ, ಬ್ಯಾಟನ್ ರೂಜ್‌ನ ಯೂನಿಯನ್ ನೆಲೆಗೆ.

ಒಂದೇ ಒಂದು ಕಡೆ ಲೆಕ್ಕ ತಪ್ಪಿತು. ಮೇ 1ರಂದು ಟಿಕ್‌ಫಾ ನದಿಯ ವಾಲ್ಸ್ ಬ್ರಿಡ್ಜ್ ಬಳಿ ಕಾನ್‌ಫೆಡರೇಟ್ ಮೇಜರ್ ಡಿ ಬಾನ್‌ನ ಮೂರು ಕಂಪನಿಗಳು ವಿಶ್ರಾಂತಿಗೆ ನಿಂತಿದ್ದವು. ಗುಂಡಿನ ಸದ್ದಾದ ಮೇಲೆ ಎದುರಾಳಿ ಎಚ್ಚೆತ್ತಾಗಿತ್ತು. ಹಿಂದಿನ ಪಡೆ, ಫಿರಂಗಿ ಬರುವವರೆಗೆ ಕಾಯಬೇಕಿತ್ತು. ಬ್ಲ್ಯಾಕ್‌ಬರ್ನ್ ಕಾಯದೆ ಬೆರಳೆಣಿಕೆಯ ಜನರೊಡನೆ ಇಕ್ಕಟ್ಟಿನ ಹಲಗೆ ಸೇತುವೆಯ ಮೇಲೆ ನುಗ್ಗಿದ. ಅಲ್ಲೇ ಬಿದ್ದ, ಆ ಗಾಯದಿಂದಲೇ ಸತ್ತ. ಸರ್ಬಿಯ ತೊಡೆಗೆ ಗುಂಡು ತಗುಲಿತು. ಮಾಮೂಲಿ ರೀತಿಯಲ್ಲಿ, ಎರಡು ಬದಿಯಿಂದ ಕುದುರೆ ಇಳಿದ ಜನ ಗುಂಡು ಹಾರಿಸಿ, ಫಿರಂಗಿ ಹಾರಿಸಿದಾಗ ಸೇತುವೆ ನಿಮಿಷಗಳಲ್ಲಿ ತೆರವಾಯಿತು. ಗಾಯಾಳುಗಳನ್ನು ಹತ್ತಿರದ ತೋಟದ ಮನೆಯಲ್ಲಿ ಬಿಟ್ಟು ಹೋಗಬೇಕಾಯಿತು. ಹೊರಡುವ ಮೊದಲು ಸರ್ಬಿಯ ಕಂದು ಬಟ್ಟೆ ಕಳಚಿ ನೀಲಿ ಸಮವಸ್ತ್ರ ತೊಡಿಸಿದರು, ನೇಣಿಗೆ ಸಿಗಬಾರದೆಂದು. ವೈದ್ಯ ಯೂಲ್ ತಾನಾಗಿ ಅವರೊಡನೆ ಉಳಿದ.

ಆಮೇಲೆ ನಿಲ್ಲಲಿಲ್ಲ. ಆಮಿಟ್ ನದಿಯ ವಿಲಿಯಮ್ಸ್ ಬ್ರಿಡ್ಜ್‌ಗೆ ಪೋರ್ಟ್ ಹಡ್ಸನ್‌ನಿಂದ ಹೊರಟಿದ್ದ ಶತ್ರುಪಡೆ ಬರುವ ಮೊದಲೇ, ರಾತ್ರಿಯಲ್ಲಿ ದಾಟಿದರು. ಕೊನೆಯ 28 ಗಂಟೆಗಳಲ್ಲಿ 76 ಮೈಲಿ. ಸವಾರರು ಜೀನಿನ ಮೇಲೆ ನಿದ್ದೆ ಹೋದರು, ಕುದುರೆಗಳು ಗುಂಪು ಬಿಟ್ಟು ಮೇಯಲು ಹೋದವು, ಎಚ್ಚರವಿದ್ದ ಅಧಿಕಾರಿಗಳು ಅವನ್ನು ಹಿಂದಕ್ಕೆ ಅಟ್ಟುತ್ತಾ ಸಾಗಿದರು. ಬ್ಯಾಟನ್ ರೂಜ್‌ನ ಹೊರಗೆ ಪಡೆ ಬಿದ್ದು ಮಲಗಿದಾಗ, ಗ್ರಿಯರ್‌ಸನ್ ಹತ್ತಿರದ ತೋಟದ ಮನೆಗೆ ಹೋಗಿ ಅಲ್ಲಿದ್ದ ಪಿಯಾನೊ ನುಡಿಸುತ್ತಾ ಎಚ್ಚರವಾಗಿದ್ದ. ಪಡೆಯ ಹಿಂದೆ, ದಾರಿಯಲ್ಲಿ ಹಿಡಿದ ಕುದುರೆ, ಹೇಸರಗತ್ತೆಗಳ ಮೇಲೆ ತೋಟಗಳಿಂದ ಬಿಡಿಸಿಕೊಂಡು ಬಂದ ನೂರಾರು ಗುಲಾಮರಿದ್ದರು. ದಾಳಿಯ ಕಥೆ ಹೇಳುವವರು ಇವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆ ಜನರ ಪಾಲಿಗೆ ಆ ಹದಿನಾರು ದಿನಗಳ ಫಲ ಇದೇ ಆಗಿತ್ತು.

ಲಾಭನಷ್ಟ

ಗ್ರಿಯರ್‌ಸನ್‌ನ ವರದಿಯ ಅಂಕಿಗಳು: ಶತ್ರುವಿನ ಕಡೆ ಸತ್ತವರು, ಗಾಯಗೊಂಡವರು ಸುಮಾರು 100, ಪೆರೋಲ್ ಆದವರು 500ಕ್ಕೂ ಹೆಚ್ಚು, ಹಾಳಾದ ಹಳಿ ಮತ್ತು ತಂತಿ 50ರಿಂದ 60 ಮೈಲಿ, ನಾಶವಾದ ಬಂದೂಕು 3,000, ವಶವಾದ ಕುದುರೆ, ಹೇಸರಗತ್ತೆ 1,000. ತನ್ನ ಕಡೆ 3 ಸಾವು, 7 ಗಾಯ, ದಾರಿಯಲ್ಲಿ ಬಿಟ್ಟ 5 ರೋಗಿಗಳು, ಕಾಣೆಯಾದವರು 9. ದಾಳಿ ನಡೆಸಿದವನೇ ಕೊಟ್ಟ ಲೆಕ್ಕ, ಶತ್ರುವಿನ ನಷ್ಟವನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಹಳಿಯ ವಿಷಯದಲ್ಲೂ ಅಷ್ಟೇ: ಮೇ 13ರಂದು ಕಾನ್‌ಫೆಡರೇಟ್ ಜನರಲ್ ಜಾನ್‌ಸ್ಟನ್ ರೈಲಿನಲ್ಲೇ ಜಾಕ್ಸನ್‌ಗೆ ಬಂದಿಳಿದ. ಅಂದರೆ ಮೂರು ವಾರದೊಳಗೆ ದಾರಿ ಸರಿಹೋಗಿತ್ತು.

ಮೇಲಿನ ಲೆಕ್ಕದಲ್ಲಿ ಇಲ್ಲದ್ದೇ ದೊಡ್ಡ ಲಾಭ. ಆ ದಿನಗಳಲ್ಲಿ ಪೆಂಬರ್ಟನ್‌ನ ಆಜ್ಞೆಗಳು ಮೆರಿಡಿಯನ್, ಜಾಕ್ಸನ್, ಹೇಝಲ್‌ಹರ್ಸ್ಟ್ ಎಂದು ಪೂರ್ವ ದಕ್ಷಿಣಕ್ಕೆ ಹರಿದಾಡಿದವು. ಜನರಲ್ ಲೋರಿಂಗ್ ಪದಾತಿ ಪಡೆಯೊಂದಿಗೆ ಮೆರಿಡಿಯನ್ ಕಾಯುತ್ತಿದ್ದ. ಗ್ರ್ಯಾಂಡ್ ಗಲ್ಫ್‌ನಲ್ಲಿ ಜನರಲ್ ಬೋವೆನ್ ಇದ್ದಷ್ಟರಲ್ಲೇ ನಿಲ್ಲಬೇಕಾಯಿತು. ಅದೇ ಹೊತ್ತಿಗೆ ವಿಕ್ಸ್‌ಬರ್ಗ್‌ನ ಉತ್ತರದಲ್ಲಿ ಗ್ರಾಂಟ್‌ನ ಕೈಕೆಳಗಿನ ಜನರಲ್ ಶರ್ಮನ್ ಹುಸಿದಾಳಿ ತೋರಿಸುತ್ತಿದ್ದ. ಏಪ್ರಿಲ್ 30ರಂದು ಗ್ರಾಂಟ್ ಗ್ರ್ಯಾಂಡ್ ಗಲ್ಫ್‌ನ ಕೆಳಗಿನ ಬ್ರುಯಿನ್ಸ್‌ಬರ್ಗ್‌ನಲ್ಲಿ ಎದುರಾಳಿಯೇ ಇಲ್ಲದೆ ದಡ ಹತ್ತಿದ. ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು.

ಹೋಲಿಕೆಗೆ ಅದೇ ವಾರಗಳ ಇನ್ನೊಂದು ದಾಳಿ ನೋಡಬೇಕು. ಯೂನಿಯನ್‌ನ ಕರ್ನಲ್ ಸ್ಟ್ರೈಟ್ ಸುಮಾರು 1,500 ಜನರೊಡನೆ ಉತ್ತರ ಅಲಬಾಮಕ್ಕೆ ನುಗ್ಗಿದ. ಅವನದು ಪದಾತಿ ಜನ, ಬಹುಪಾಲು ಪಳಗದ ಹೇಸರಗತ್ತೆಗಳು, ಬೆನ್ನಿಗೆ ಕಾನ್‌ಫೆಡರೇಟ್ ಅಶ್ವದಳದ ಜನರಲ್ ಫಾರೆಸ್ಟ್. ಗ್ರಿಯರ್‌ಸನ್ ಬ್ಯಾಟನ್ ರೂಜ್ ಸೇರಿದ ಮರುದಿನ, ಮೇ 3ರಂದು, ಸ್ಟ್ರೈಟ್ ತನಗಿಂತ ಚಿಕ್ಕ ಪಡೆಗೆ ಶರಣಾದ. ಮಿಸಿಸಿಪಿಯಲ್ಲಿ ಫಾರೆಸ್ಟ್ ಇರಲಿಲ್ಲ ಎಂಬುದನ್ನು ಗ್ರಿಯರ್‌ಸನ್‌ನ ಯಶಸ್ಸು ಅಳೆಯುವಾಗ ಮರೆಯುವ ಹಾಗಿಲ್ಲ. ಮರುವರ್ಷ ಜೂನ್ 10ರಂದು ಬ್ರೈಸಸ್ ಕ್ರಾಸ್‌ರೋಡ್ಸ್‌ನಲ್ಲಿ ಆ ಭೇಟಿಯೂ ಆಯಿತು. ಜನರಲ್ ಸ್ಟರ್ಜಿಸ್‌ನ ಕೈಕೆಳಗೆ ಗ್ರಿಯರ್‌ಸನ್ ಅಶ್ವದಳ ವಿಭಾಗ ನಡೆಸುತ್ತಿದ್ದ. ಜೊತೆಗೆ ಪದಾತಿ ಪಡೆ, 250 ಬಂಡಿಗಳು. ಉರಿಬಿಸಿಲಲ್ಲಿ ಓಡೋಡಿ ಬಂದ ಪದಾತಿ ಜನ ದಣಿದಿದ್ದರು, ಟಿಶೊಮಿಂಗೊ ಹಳ್ಳದ ಸೇತುವೆ ಬಂಡಿಗಳಿಂದ ಕಟ್ಟಿಹೋಗಿತ್ತು. ಅರ್ಧಕ್ಕಿಂತ ಕಡಿಮೆ ಜನರಿದ್ದ ಫಾರೆಸ್ಟ್ ಎಂಟು ಸಾವಿರದ ಪಡೆಯನ್ನು ಮುರಿದ. 1863ರಲ್ಲಿ ತನ್ನದೇ ನಿರ್ಧಾರದಿಂದ ಬಿಟ್ಟುಬಂದಿದ್ದ ಬಂಡಿಗಳು, ನಿಧಾನದ ಜನ, ಒಂದೇ ದಾರಿ, ಎಲ್ಲವೂ 1864ರಲ್ಲಿ ಮೇಲಧಿಕಾರಿಯ ಯೋಜನೆಯಾಗಿ ಅವನ ಜೊತೆಗೇ ಬಂದಿದ್ದವು.

ಆದರೂ ಅವನಿಗೆ ಸ್ವತಂತ್ರ ದಾಳಿ ಇನ್ನೊಮ್ಮೆ ಸಿಕ್ಕಿತು. 1864ರ ಡಿಸೆಂಬರ್‌ನಲ್ಲಿ ಮೆಂಫಿಸ್‌ನಿಂದ ಹೊರಟು, ಮೊಬೈಲ್ ಮತ್ತು ಓಹಾಯೊ ಹಳಿಯನ್ನು ಕೆಡಿಸುತ್ತಾ, 28ರಂದು ಈಜಿಪ್ಟ್ ಸ್ಟೇಷನ್ನಿನ ಕಾವಲುಪಡೆಯನ್ನು ಸೆರೆಹಿಡಿದು ಜನವರಿಯಲ್ಲಿ ವಿಕ್ಸ್‌ಬರ್ಗ್ ಸೇರಿದ. ಅಂತರ್ಯುದ್ಧ ಮುಗಿದ ಮೇಲೆ, 1866ರಲ್ಲಿ, ಕಪ್ಪು ಸೈನಿಕರ 10ನೇ ಅಶ್ವದಳ ಹುಟ್ಟಿದಾಗ ಅದರ ಮೊದಲ ಕರ್ನಲ್ ಆದ. ಎರಡು ದಶಕಕ್ಕೂ ಹೆಚ್ಚು ಕಾಲ ಆ ರೆಜಿಮೆಂಟನ್ನು ಬಿಡದೆ ಹಿಡಿದುಕೊಂಡು, 1890ರಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತನಾದ.